ಲೊಂಬೆ ತಂದ ಮೀನುಗಳು

ಗಣಿಯಲ್ಲಿ ಏಣಿಯಿಂದ ಬಿದ್ದು ಕಪೆಂಬ್ವಾನ ಕಾಲುಗಳ ಸ್ವಾಧೀನ ಹೋದ ಮೇಲೆ, ನೋಡಲು ಬಂದವರೆಲ್ಲ ಕಿತ್ತಳೆ, ಬ್ರೆಡ್ಡು ಹಿಡಿದು ಬಂದರು. ಆಮೇಲೆ ಒಬ್ಬೊಬ್ಬರಾಗಿ ಬರುವುದನ್ನೇ ಬಿಟ್ಟರು. ಬಿಡದೆ ಬರುತ್ತಿದ್ದವನು ಲೊಂಬೆ ಒಬ್ಬನೇ. ಇಬ್ಬರೂ ಒಂದೇ ಪಾಳಿಯಲ್ಲಿ ಕೆಲಸ ಮಾಡಿದವರು. ಅವನು ಒಂದು ಶನಿವಾರ ಎಲ್ಲಿಂದಲೋ ಎರಡಡಿ ಉದ್ದದ ಹಳೇ ಗಾಜಿನ ತೊಟ್ಟಿಯನ್ನು ಹೊತ್ತು ತಂದ. ಜೊತೆಗೆ ಚೀಲದಲ್ಲಿ ನಾಲ್ಕಾರು ಗಪ್ಪಿ ಮೀನುಗಳು. ಮಂಚದ ಪಕ್ಕ ತೊಟ್ಟಿ ಇಟ್ಟು ನೀರು ತುಂಬಿದಾಗ ಕಪೆಂಬ್ವಾ ನಕ್ಕ. ಆ ನಗು ಕಂಡು ಎಷ್ಟು ಕಾಲವಾಗಿತ್ತೆಂದು ಹೆಂಡತಿ ಮುಬಾಂಗಾ ಅಡುಗೆಮನೆಗೆ ಹೋಗಿ ಅತ್ತಳು.

ಅಲ್ಲಿಂದ ಮುಂದೆ ಲೊಂಬೆ ಬಂದಾಗಲೆಲ್ಲ ಕೈಯಲ್ಲೊಂದು ಚೀಲ. ಗೋಲ್ಡ್‌ಫಿಶ್ ಬಂದವು, ಕಪ್ಪು ಮೋಲಿಗಳು ಬಂದವು. ನದಿಯಲ್ಲಿ ಹಿಡಿದ ಬೆರಳುದ್ದದ ಬ್ರೀಮ್ ಮರಿಯೂ ಬಂತು. ಊಟಕ್ಕೆ ಹಿಡಿಯುವ ಜಾತಿ ಅದು; ತಿಂದು ತಿಂದು ಅಂಗೈಯಗಲವಾಯಿತು. ಗಪ್ಪಿಗಳು ಮರಿ ಹಾಕಿದ್ದಂತೂ ಲೆಕ್ಕವೇ ಇಲ್ಲ.

ಶಾಲೆಯಲ್ಲಿ ಪಾಠ ಮಾಡಿ ಬಂದು, ಗಂಡನ ಮೈ ಒರೆಸಿ, ಊಟಕ್ಕೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ನ್ಶಿಮಾ ತಿರುವಿಟ್ಟು, ಆಮೇಲೆ ತೊಟ್ಟಿಯ ನೀರು ಬದಲಿಸುವ ಕೆಲಸ ಮುಬಾಂಗಾಳದು. ಎಷ್ಟು ಬದಲಿಸಿದರೂ ಮಾರನೆಯ ದಿನ ನೀರು ಮಬ್ಬು, ಕೋಣೆಯಲ್ಲೆಲ್ಲ ಒಂಥರಾ ವಾಸನೆ. ಬೆಳಿಗ್ಗೆ ನೋಡಿದರೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಅವಳು ಸಂತೆಯಲ್ಲಿ ಮೀನು ಮಾರುವ ಚಿತಾಲುವನ್ನು ಕೇಳಿದಳು.

"ಎರಡಡಿ ತೊಟ್ಟಿಗೆ ಹತ್ತೋ ಹನ್ನೆರಡೋ ಸಣ್ಣ ಮೀನು ಸಾಕಮ್ಮಾ," ಅಂದಳು ಚಿತಾಲು. "ಗೋಲ್ಡ್‌ಫಿಶ್ ಅದ್ರಲ್ಲಿ ಇರ್ಲೇಬಾರ್ದು. ಇನ್ನು ಬ್ರೀಮಾ? ದೇವ್ರೇ! ಮಿನಿಬಸ್ ಕಂಡಕ್ಟರ್ ಥರ ಜಾಗ ಇದೆ ಜಾಗ ಇದೆ ಅಂತ ತುಂಬ್ತಾ ಹೋದ್ರೆ, ಅವುಗಳ ಹೇಲೇ ಅವಕ್ಕೆ ವಿಷ ಆಗತ್ತೆ. ಕರೆಂಟು ಹೋಗಿ ಗಾಳಿ ಪಂಪು ನಿಂತ್ರೆ ಕತೆ ಮುಗೀತು."

ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ಕೇಳಿಸಿಕೊಂಡು, "ಅವನು ತಂದಿದ್ದನ್ನ ಬೇಡ ಅನ್ನೋಕಾಗಲ್ಲ," ಅಂದು ಗೋಡೆಯ ಕಡೆ ಮುಖ ತಿರುಗಿಸಿದ.

"ಯಾಕಾಗಲ್ಲ? ನೀರು ಹೊರೋಳು ನಾನು!"

ಮುಂದಿನ ಶನಿವಾರ ಅವಳೇ ಗೇಟಿನ ಹತ್ತಿರ ಕಾದು ನಿಂತಳು. "ಲೊಂಬೆ, ತಪ್ಪು ತಿಳ್ಕೋಬೇಡಿ. ಇನ್ನು ಮೀನು ತರ್ಬೇಡಿ. ಇರೋವೇ ಸಾಯೋ ಹಾಗಿವೆ."

ಲೊಂಬೆಯ ಮುಖ ಸಪ್ಪಗಾಯಿತು. ಕೈಯಲ್ಲಿದ್ದ ಚೀಲವನ್ನು ಬೆನ್ನ ಹಿಂದೆ ಸರಿಸಿಕೊಂಡ. "ಆಯ್ತು ಅತ್ತಿಗೆ," ಅಂದವನು ಒಳಗೂ ಬರದೆ ತಿರುಗಿ ಹೋದ. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

"ನೀನೇನಾದ್ರೂ ಅಂದ್ಯಾ?" ಎಂದು ಕಪೆಂಬ್ವಾ ಕೇಳಿದ. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಊಟದ ತಟ್ಟೆ ಪಕ್ಕಕ್ಕೆ ತಳ್ಳಿದ.

"ಅವತ್ತು ಏಣಿ ಹಿಡ್ಕೋಬೇಕಾಗಿದ್ದೋನು ಅವನೇ. ಸಿಗರೇಟು ಸೇದೋಕೆ ಆಚೆ ಹೋಗಿದ್ದ. ನಂಗೆ ಗೊತ್ತು ಅಂತ ಅವನಿಗೂ ಗೊತ್ತು. ಅದನ್ನ ಹೇಳೋಕೆ ಬಾಯಿ ಬರ್ದೆ ಮೀನು ತರ್ತಿದ್ದ. ನಾನೂ ಕೇಳೋಕಾಗ್ದೆ ಇಟ್ಕೋತಿದ್ದೆ."

ಮುಬಾಂಗಾ ಎದ್ದು ನಿಂತಳು. "ಇಷ್ಟು ದಿನ ನನ್ನ ಕೈಲೇ ಅವನಿಗೆ ಊಟ ಹಾಕಿಸಿದ್ರಿ! ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಅವನನ್ನ ಒಳಗೆ ಬಿಡ್ತಿದ್ಯಾ? ಇನ್ಯಾರಿದಾರೆ ನಂಗೆ?"

ಅಲ್ಲಿನ ಕಡುಬೇಸಿಗೆಯಾದ ಅಕ್ಟೋಬರಿನ ಬಿಸಿಲು ಸುಡುತ್ತಿದ್ದ ಒಂದು ಭಾನುವಾರ ಬೆಳಿಗ್ಗೆಯೇ ಕರೆಂಟು ಹೋಯಿತು. ತೊಟ್ಟಿಯ ಗಾಳಿ ಪಂಪು ನಿಂತಿತು. ಮಧ್ಯಾಹ್ನದ ಹೊತ್ತಿಗೆ ಮೀನುಗಳು ಒಂದರ ಮೇಲೊಂದು ಬಿದ್ದು ಉಸಿರಿಗೆ ಒದ್ದಾಡತೊಡಗಿದವು. ನೀರಿಗೆ ಗಾಳಿ ಬೆರೆಯಲೆಂದು ಕಪೆಂಬ್ವಾ ಮಗ್ಗಿನಲ್ಲಿ ನೀರೆತ್ತಿ ಎತ್ತರದಿಂದ ಸುರಿದ, ಮತ್ತೆ ಎತ್ತಿದ, ಮತ್ತೆ ಸುರಿದ. ಅವನ ತೋಳು ಸೋತು ಬಂತು. ಮುಬಾಂಗಾ ಮಗ್ಗು ಕಿತ್ತುಕೊಂಡು ತಾನು ಸುರಿದಳು. ಮೊದಲು ಹೆಚ್ಚಿನ ಗೋಲ್ಡ್‌ಫಿಶ್ ಮಗುಚಿದವು, ಆಮೇಲೆ ಮೋಲಿಗಳು. ಗಂಡ ಸದ್ದಿಲ್ಲದೆ ಅಳುವುದನ್ನು ಕಂಡು ಅವಳು ಮಗ್ಗನ್ನು ಅವನ ಕೈಗೆ ಕೊಟ್ಟು ಹೊರಗೆ ನಡೆದಳು.

ಲೊಂಬೆಯ ಬಾಗಿಲಲ್ಲಿ ನಿಂತಾಗ ಬಯ್ಯಬೇಕೆಂದು ದಾರಿಯುದ್ದಕ್ಕೂ ಕೂಡಿಟ್ಟ ಮಾತು ಒಂದೂ ಬರಲಿಲ್ಲ. "ನಿಮ್ಮ ಮೀನುಗಳು ಸಾಯ್ತಿವೆ, ಬನ್ನಿ," ಅಂದಳು, ಅಷ್ಟೇ.

ಅವನು ಸೈಕಲ್ಲಿಗೆ ಎರಡು ಬಕೆಟ್ ಕಟ್ಟಿಕೊಂಡು ಓಡೋಡಿ ಬಂದ. ಸತ್ತವನ್ನು ತೆಗೆದರು. ಜೀವ ಇದ್ದವನ್ನು, ಇನ್ನೂ ಬಾಯಿ ಆಡಿಸುತ್ತಿದ್ದ ಬ್ರೀಮನ್ನೂ, ಬಕೆಟ್ಟುಗಳಿಗೆ ದಾಟಿಸಿದರು. ತೊಟ್ಟಿಯಲ್ಲಿ ಕೆಲವೇ ಗಪ್ಪಿಗಳು ಉಳಿದವು.

"ಮಿಕ್ಕಿದ್ದೆಲ್ಲ ನೀನು ತಗೊಂಡ್ಹೋಗಿ ನಿನ್ನ ಮನೆ ನೀರಿನ ಡ್ರಮ್ಮಲ್ಲಿ ಬಿಡು," ಅಂದ ಕಪೆಂಬ್ವಾ.

"ಒಂದು ಗೋಲ್ಡ್‌ಫಿಶ್ ಆದ್ರೂ ಇರ್ಲಿ ಕಣೋ. ಬದುಕಿದೆ ಇದು."

"ಬೇಡ. ನೀನು ಬಾ. ಬರಿಗೈಲಿ ಬಾ."

ಲೊಂಬೆ ಬಕೆಟ್ಟಿನ ಪಕ್ಕ ಕುಸಿದು ಕೂತ. "ಅವತ್ತು ಏಣಿ..." ಅಂದ. ಮಾತು ಮುಂದಕ್ಕೆ ಹೋಗಲಿಲ್ಲ. ಕಪೆಂಬ್ವಾ ಅವನನ್ನು ತಡೆಯಲೂ ಇಲ್ಲ, ಪರವಾಗಿಲ್ಲ ಬಿಡು ಎನ್ನಲೂ ಇಲ್ಲ, ಸುಮ್ಮನೆ ಕಾದ. ಲೊಂಬೆ ತಡವರಿಸುತ್ತ ಪೂರ್ತಿ ಹೇಳಿ ಮುಗಿಸಿದ. ಒದ್ದೆ ಬಲೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಮುಬಾಂಗಾ ಎಲ್ಲವನ್ನೂ ಕೇಳಿದಳು.

ಮುಂದಿನ ಶನಿವಾರ ಅವನು ಬಂದ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ನಡುವೆ ಒತ್ತಿಕೊಂಡು ಕೂತ. ಮಾತು ಕಷ್ಟಪಟ್ಟು ಶುರುವಾಯಿತು, ನಡುನಡುವೆ ನಿಂತಿತು, ಮತ್ತೆ ಸಾಗಿತು. ಮುಬಾಂಗಾ ಇಬ್ಬರಿಗೂ ಬಡಿಸಿದಳು. ಲೊಂಬೆಯ ಮುಖ ನೋಡಲು ಅವಳಿಂದ ಆಗಲಿಲ್ಲ. ತನ್ನ ತಟ್ಟೆ ತೆಗೆದುಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂತು ಒಬ್ಬಳೇ ಉಂಡಳು.