ಪಡುವಣ ಮೂಲೆಯ ಕಾಯಿ

ಗುರುಸಿದ್ದಮ್ಮ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು, ಅಟ್ಟದಿಂದ ಇಳಿಸಿದ ಕಾಯಿಗಳನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ವರ್ಷವಿಡೀ ಅಟ್ಟದ ಮೇಲೆ ಬಿದ್ದಿದ್ದ ಕಾಯಿಯಲ್ಲಿ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ ಒಳಗೇ ಉರುಳಬೇಕು. ಗಡಗಡ ಎಂದದ್ದು ಬಲಕ್ಕೆ, ಮಾತಾಡದ್ದು ಎಡಕ್ಕೆ. ಬೆಳಗಿನಿಂದ ಎಡಕ್ಕೆ ಹೋದದ್ದು ಒಂದೂ ಇರಲಿಲ್ಲ.

ಎದುರಿಗೆ ಮಚ್ಚು ಹಿಡಿದು ಚಿಪ್ಪು ಒಡೆಯುತ್ತಿದ್ದ ಆಳುಮಗಳು ಭೈರಮ್ಮ ಒಡಕಿಲ್ಲದ ಉಂಡೆಯೊಂದನ್ನು ಎತ್ತಿ ತೋರಿಸಿದಳು.

"ನೋಡ್ರವ್ವ, ಮದ್ವೆ ಹೆಣ್ಣಿನ ಕೆನ್ನೆ ಇದ್ದಂಗೈತೆ. ಗ್ಯಾಸಮ್ಮ ಮನೆ ಬುಟ್ಟು ಹೋಗಿದ್ದೇ ತಡ, ಕಾಯೆಲ್ಲ ಗೆಲುವಾಗವೆ."

ಗ್ಯಾಸಮ್ಮ ಎಂದರೆ ಸೊಸೆ ವಿಮಲ. ಊರು ಇಟ್ಟ ಹೆಸರು. ಗುರುಸಿದ್ದಮ್ಮನಿಗೆ ನಗು ಬಂತು, ಬಂದದ್ದು ಅರ್ಧಕ್ಕೇ ನಿಂತಿತು. ವಿಮಲ ಹೋಗಿ ಇನ್ನೂ ತಿಂಗಳು. ತಿಂಗಳಲ್ಲಿ ಒಣಗುವ ಕಾಯಿ ಯಾವ ಸೀಮೆಯಲ್ಲಿದೆ? ಇವೂ ಆ ಗ್ಯಾಸಿನ ಒಲೆ ಉರಿಯುವಾಗ ಅಟ್ಟದ ಮೇಲೇ ಇದ್ದವಲ್ಲ?

"ಈ ಕಾಯಿ ಯಾವ ಕಡೇವೇ?"

"ಒಲೆ ನೆತ್ತಿಮ್ಯಾಗಿನವು ಕಣ್ರವ್ವ."

ಗುರುಸಿದ್ದಮ್ಮ ಕೈಲಿದ್ದ ಕಾಯಿಯನ್ನು ಸುಮ್ಮನೆ ಕೆಳಗಿಟ್ಟಳು.

ಮಗ ತೋಂಟದಾರ್ಯನ ಮದುವೆಯಾದ ವರ್ಷವೇ, ಆಷಾಢ ಕಳೆದು ಶ್ರಾವಣಕ್ಕೆ ಸೊಸೆ ತವರಿನಿಂದ ಬರುವಾಗ ಬಸ್ಸಿನ ಟಾಪಿನ ಮೇಲೆ ಗ್ಯಾಸಿನ ಒಲೆಯೂ ಸಿಲಿಂಡರೂ ಬಂದಿದ್ದವು. ತಿಪಟೂರಿನಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಅವಳಪ್ಪ ಮರುಳಸಿದ್ದಯ್ಯ ಮಗಳ ಕಣ್ಣು ಹೊಗೆಗೆ ಹಾಳಾಗದಿರಲೆಂದು ಯಾರಿಗೋ ಕೈಮುಗಿದು ಕನೆಕ್ಷನ್ ಬರೆಸಿದ್ದ. ಹಂದನಕೆರೆಯ ಕಡೆಯಿಂದೆಲ್ಲ ಹೆಂಗಸರು ನೋಡಲು ಬಂದರು. ಕಡ್ಡಿ ಗೀರಿದರೆ ಭಗ್ಗೆಂದು ನೀಲಿ ಉರಿ. ಗುರುಸಿದ್ದಮ್ಮನಿಗೆ ಹೆಮ್ಮೆಯೂ ಆಯಿತು, ಒಳಗೊಳಗೇ ಅಳುಕೂ ಆಯಿತು. ಈ ಸೀಮೆಯಲ್ಲಿ ಅಡಿಗೆಮನೆಯ ಮೇಲೆಯೇ ಅಟ್ಟ. ಕೆಳಗೆ ಸೌದೆ ಉರಿದರೆ ಹೊಗೆಯ ಬಿಸಿ ಮೇಲೇರಿ ಕಾಯಿ ಒಣಗುತ್ತದೆ. ಹೊಗೆಯಿಲ್ಲದ ಒಲೆ ಅಟ್ಟಕ್ಕೇನು ಕೊಟ್ಟೀತು?

ಈ ಸಲ ಸಂಕ್ರಾಂತಿ ಕಳೆದು ಅಟ್ಟ ಬಿಚ್ಚಿದಾಗ, ಏಣಿಯ ಪಕ್ಕದ ಪಡುವಣ ಮೂಲೆಯಿಂದ ಮೊದಲು ಇಳಿದ ಕಾಯಿಗಳು ಒಂದೂ ಮಾತಾಡಲಿಲ್ಲ. ಒಡೆದರೆ ಒಳಗೆಲ್ಲ ಕಪ್ಪು, ಕಮಟು ವಾಸನೆ. ಆಳುಗಳೆಲ್ಲ ಮೂಗು ಮುಚ್ಚಿಕೊಂಡು ನಿಂತಿದ್ದರು. ಗುರುಸಿದ್ದಮ್ಮ ಅಂಗಳದಲ್ಲೇ ನಿಂತು ಕೂಗಿದ್ದಳು:

"ನೋಡ್ರಲಾ, ನಮ್ಮ ಸೊಸೆ ಮಾರಾಣಿ ಕೂತ್ಕಂಡು ಕಾಫಿ ಕಾಯ್ಸಿದ್ದಕ್ಕೆ ನಮ್ಮಟ್ಟ ಕೊಳೀತು! ಒಂದು ತೊಟ್ಟು ಕಣ್ಣೀರು ಸುರ್ಸಿ ಒಲೆ ಊದೋಕೂ ಆಗ್ದಿರೋಳು ಕಾಯಿ ಮನೆಗ್ಯಾಕೆ ಬಂದೆಯೇ?"

ವಿಮಲ ಒಲೆಯನ್ನು ಗೋಣಿಚೀಲದಲ್ಲಿ ಕಟ್ಟಿದಳು. ಮರುದಿನ ತೋಂಟದಾರ್ಯ ಅವಳನ್ನೂ ಒಲೆಯನ್ನೂ ಸಿಲಿಂಡರನ್ನೂ ಬಸ್ಸು ಹತ್ತಿಸಿ ಬಂದ. ಅಂದಿನಿಂದ ಅವನು ತಾಯಿಯೊಡನೆ ಆಡುತ್ತಿದ್ದದ್ದು "ಅನ್ನ", "ಸಾರು", "ಸಾಕು" ಇಷ್ಟೇ.

ಹೊಗೆಯಿಲ್ಲದ್ದೇ ಕಾರಣವಾಗಿದ್ದರೆ ಒಲೆಯ ನೆತ್ತಿಯ ಮೇಲಿನ ಕಾಯಿಯೇ ಮೊದಲು ಕೊಳೆಯಬೇಕಿತ್ತು. ಭೈರಮ್ಮ ಎಲೆಅಡಿಕೆಗೆಂದು ಎದ್ದಾಗ ಗುರುಸಿದ್ದಮ್ಮ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಏಣಿ ಹತ್ತಿದಳು. ಅಟ್ಟ ಮುಕ್ಕಾಲು ಬರಿದಾಗಿತ್ತು. ಕಾಯಿ ತುಂಬಿದ್ದಾಗ ಕಾಣದಿದ್ದ ಪಡುವಣ ಗೋಡೆ ಈಗ ಕಾಣುತ್ತಿತ್ತು. ಗೋಡೆಯ ಮೇಲಿಂದ ಕೆಳಗಿನವರೆಗೆ ಕಂದು ನೀರಿನ ಕಲೆ ಇಳಿದಿತ್ತು. ತಲೆಯೆತ್ತಿದಳು. ಜಾರಿದ ಹೆಂಚಿನ ಸಂದಿಯಿಂದ ಬಿಸಿಲಿನ ಕೋಲೊಂದು ನೇರ ಅವಳ ಮುಖಕ್ಕೆ ಬಿತ್ತು.

ಅವಳು ಅಲ್ಲೇ ಕೂತಳು.

ಹೋದ ಮುಂಗಾರಿಗೆ ಮುಂಚೆ ತೋಂಟದಾರ್ಯ ಹೇಳಿದ್ದ: "ಅವ್ವ, ಹುಚ್ಚಣ್ಣನ್ನ ಕರ್ಸಿ ಹೆಂಚು ಕೈಯಾಡ್ಸೋಣ, ಜಾರಿರೋವ್ನ ಸರಿ ಮಾಡ್ತಾನೆ." ಇವಳೇ ಬೇಡವೆಂದಿದ್ದಳು. ಆ ವರ್ಷ ಅಟ್ಟ ಎಂದೂ ತುಂಬದಷ್ಟು ತುಂಬಿತ್ತು. ಹೆಂಚು ತೆಗೆದವನು ಒಳಗೆ ಇಣುಕದೆ ಇರುತ್ತಾನೆಯೇ? ಇಣುಕಿದವನು ಊರಲ್ಲಿ ಹೇಳದೆ ಇರುತ್ತಾನೆಯೇ? ಕಣ್ಣು ಬಿದ್ದರೆ ಕಾಯಿ ಕೊಳೆಯುತ್ತದೆ ಎಂಬ ಭಯ. ತುಂಬಿದ ಅಟ್ಟವನ್ನು ಹೊರಗಿನವರಿಗೆ ತೋರಿಸುವ ಪದ್ಧತಿ ಅವಳ ಅತ್ತೆಯ ಕಾಲದಿಂದಲೂ ಆ ಮನೆಯಲ್ಲಿರಲಿಲ್ಲ. ಕಣ್ಣೇನೋ ಬೀಳಲಿಲ್ಲ. ಮಳೆ ಬಿತ್ತು.

ಅವಳು ಕೆಳಗಿಳಿದು ಯಾರಿಗೂ ಹೇಳಲಿಲ್ಲ. ಬಿಸಿಲ ಕೋಲು ಬೇರೆಯವರಿಗೆ ಕಾಣದಿರಲೆಂದು ಹರಕು ಗೋಣಿಯೊಂದನ್ನು ಸಂದಿಗೆ ತುರುಕಿಯೇ ಇಳಿದಿದ್ದಳು. ಹಾಗೆ ತುರುಕುವಾಗ ತನ್ನ ಕೈ ನೋಡಿ ಅವಳಿಗೇ ಹೇಸಿಗೆಯಾಯಿತು.

ಒಂದು ಇನ್‌ಲ್ಯಾಂಡ್ ಲೆಟರು ತರಿಸಿದಳು. ನಾಲ್ಕನೇ ಕ್ಲಾಸಿನವರೆಗೆ ಕಲಿತ ದಪ್ಪ ಅಕ್ಷರದಲ್ಲಿ ಬರೆದಳು: "ಆದದ್ದು ಆಯಿತು. ನಾನು ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ. ನೀನು ಬಾ." ಓದಿಕೊಂಡಳು. ತಪ್ಪು ಮಾಡಿದವಳು ಸೊಸೆ, ಕ್ಷಮಿಸುತ್ತಿರುವವಳು ತಾನು ಎಂಬಂತಿತ್ತು. ಹೆಂಚಿನ ಮಾತು ಬರೆಯಲು ಕೆಳಗೆ ಜಾಗವಿತ್ತು, ಕೈ ಬರಲಿಲ್ಲ. ಕಾಗದವನ್ನು ಸಾಸಿವೆ ಡಬ್ಬಿಯ ಹಿಂದೆ ಇಟ್ಟಳು. ಪೋಸ್ಟ್‌ಮ್ಯಾನ್ ಶ್ರೀರಂಗಯ್ಯನ ಸೈಕಲ್ಲಿನ ಗಂಟೆ ಕೇಳಿದಾಗಲೆಲ್ಲ ನಾಳೆ ಕೊಟ್ಟರಾಯಿತು ಎಂದುಕೊಂಡಳು. ಶಿವರಾತ್ರಿ ಬಂತು, ಹೋಯಿತು.

ಕೊಬ್ಬರಿ ಮಾರಲು ಮಗನೊಂದಿಗೆ ತಿಪಟೂರಿಗೆ ಹೋದ ದಿನ, ಮಂಡಿಯ ಚೀಲಗಳ ನಡುವೆ ಅವಳ ಎದುರಿಗೆ ಬಂದು ನಿಂತವನು ಮರುಳಸಿದ್ದಯ್ಯ. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಬೈದರೆ ಬೈಸಿಕೊಳ್ಳೋಣವೆಂದು ಸೆರಗು ಬಿಗಿದು ನಿಂತಳು. ಅವನು ಬೈಯಲಿಲ್ಲ. ಹೆಗಲ ಟವೆಲ್ಲು ತೆಗೆದು ಕೈಮುಗಿದ.

"ನಮ್ದು ತಪ್ಪಾಯ್ತು ಅಕ್ಕಾವ್ರೇ. ನಾವು ಪೇಟೆಯೋರು, ಅಟ್ಟದ ವಿಷ್ಯ ಗೊತ್ತಾಗ್ಲಿಲ್ಲ. ಮಗಳ ಮೇಲಿನ ಆಸೆಗೆ ನಿಮ್ಮನೆ ಕಾಯಿ ಹಾಳ್ ಮಾಡ್ಬುಟ್ಟೆ."

"ಅಯ್ಯೋ, ಅದ್ಕೇನ್ ಬುಡಿ..." ಎಂದಳು. ಮಂಡಿಯ ಸಾಹುಕಾರರೆಲ್ಲ ಇತ್ತಲೇ ನೋಡುತ್ತಿದ್ದರು.

"ಸೋಮವಾರ ಗ್ಯಾಸು ವಾಪಸ್ ಕೊಟ್ಬುಡ್ತೀನಿ. ವಿಮಲ ಹಿತ್ಲಲ್ಲಿ ಸೌದೆ ಒಲೆ ಹೂಡ್ಕಂಡು ಊದೋದು ಕಲೀತಾವ್ಳೆ. ಕಣ್ಣು ಕೆಂಪಾಗವೆ, ರೂಢಿ ಆಯ್ತದೆ. ಒಂದು ಮಾತು 'ಕಳ್ಸಿ' ಅನ್ನಿ, ನಾನೇ ಬಿಟ್ಟು ಬತ್ತೀನಿ."

ಅವನು ಕಾಫಿ ತರಿಸಿದ. ಅವಳು ಕುಡಿದಳು. ಕುಡಿದದ್ದೇ ಅವಳನ್ನು ದಾರಿಯುದ್ದಕ್ಕೂ ತಿಂದಿತು. ಆ ಮನುಷ್ಯ ತಾನು ಮಾಡದ ತಪ್ಪಿಗೆ ಸಂತೆಯಂಥ ಜಾಗದಲ್ಲಿ ಟವೆಲ್ಲು ತೆಗೆದು ಕೈಮುಗಿದಿದ್ದ. ಇವಳು ಲೋಟ ಬರಿದು ಮಾಡಿ ಬಂದಿದ್ದಳು. ಬಸ್ಸಿನಲ್ಲಿ ಮಗನ ಪಕ್ಕ ಕೂತಿದ್ದರೂ ಅವನ ಕಡೆ ತಿರುಗಲಾರದೆ ಕಿಟಕಿಯಾಚೆಯ ತೋಟಗಳನ್ನೇ ನೋಡುತ್ತಿದ್ದಳು. ಊರ ಗಡಿ ಬಂದಾಗ ಅವನಿಗಷ್ಟೇ ಕೇಳುವಂತೆ ಅಂದಳು:

"ಹೆಂಚು ಸೋರೈತೆ ಕಣಪ್ಪ. ಗ್ಯಾಸಲ್ಲ."

ತೋಂಟದಾರ್ಯ ಇಳಿಯಲು ಎದ್ದು ನಿಂತ. ಆಮೇಲೆ, "ಇದ್ನ ನನಗ್ ಹೇಳಿ ಏನಾಗ್ಬೇಕವ್ವ?" ಎಂದ.

ಮರುದಿನ ಬೆಳಿಗ್ಗೆ ಅವಳು ಸಾಸಿವೆ ಡಬ್ಬಿಯ ಹಿಂದಿನ ಕಾಗದವನ್ನು ಒಲೆಗೆ ಹಾಕಿ, ಒಂದು ಪೋಸ್ಟ್‌ಕಾರ್ಡು ತೆಗೆದುಕೊಂಡಳು.

"ಚಿ. ಸೌ. ವಿಮಲಳಿಗೆ ಅತ್ತೆಯ ಆಶೀರ್ವಾದ. ಕಾಯಿ ಕೊಳೆತದ್ದು ನಿನ್ನ ಗ್ಯಾಸಿನಿಂದ ಅಲ್ಲ. ಪಡುವಣ ಮೂಲೆಯ ಹೆಂಚು ಜಾರಿ ಮಳೆ ನೀರು ಇಳಿದಿದೆ. ಹೆಂಚು ಕೈಯಾಡಿಸುವುದು ಬೇಡ ಅಂದವಳು ನಾನು. ಒಲೆಯ ಮೇಲಿನ ಕಾಯಿ ಎಲ್ಲ ಚೆನ್ನಾಗಿದೆ. ಗೊತ್ತಾದ ಮೇಲೂ ಸುಮ್ಮನಿದ್ದೆ. ತಂದೆಯವರು ಕೈಮುಗಿದಾಗಲೂ ಸುಮ್ಮನಿದ್ದೆ. ಅವರು ಗ್ಯಾಸು ವಾಪಸ್ ಕೊಡಬಾರದು. ನನ್ನ ಮುಖ ನೋಡುವ ಮನಸ್ಸಾದರೆ ಬಾ."

ಶ್ರೀರಂಗಯ್ಯ ಕಾರ್ಡು ಇಸಿದುಕೊಂಡ. ಕಾರ್ಡೆಂದರೆ ಓದದೆ ಚೀಲಕ್ಕೆ ಹಾಕುವ ಅಭ್ಯಾಸ ಅವನಿಗಿರಲಿಲ್ಲ. ತುಟಿಯಲ್ಲೇ ಓದುತ್ತಾ ಹೋದವನು ಅರ್ಧದಲ್ಲಿ ತಲೆಯೆತ್ತಿದ.

"ಗುರುಸಿದ್ದಮ್ನೋರೇ, ಇಂಥದ್ನ ಕಾರ್ಡಲ್ಲಿ ಬರೀತಾರಾ? ನನ್ ಚೀಲದಲ್ಲಿ ಕವರೈತೆ, ಕೊಡ್ಲಾ?"

"ಬ್ಯಾಡ ಕಣಪ್ಪ. ಅವತ್ತು ಊರೆಲ್ಲಾ ಕೇಳಂಗೆ ಅಂದಿದೀನಿ. ಕವರ್ನಾಗೆ ಹಾಕುದ್ರೆ ಅವ್ಳೊಬ್ಬಳಿಗೇ ಅಲ್ವಾ ಗೊತ್ತಾಗೋದು."

ಅವನು ಕಾರ್ಡನ್ನು ಚೀಲಕ್ಕೆ ಇಳಿಸಿ ಸೈಕಲ್ ಹತ್ತಿದ. ಬೀದಿಯ ತುದಿಯಲ್ಲಿ ಭೈರಮ್ಮನ ಮನೆಯ ಮುಂದೆ ಸೈಕಲ್ ನಿಂತಿತು. ಭೈರಮ್ಮ ಹೊರಬಂದಳು, ಪಕ್ಕದ ಮನೆಯವರೂ ಬಂದರು. ಶ್ರೀರಂಗಯ್ಯ ಕೈಯಾಡಿಸಿ ಏನೋ ಹೇಳುತ್ತಿದ್ದ. ಎಲ್ಲರೂ ಇತ್ತ ತಿರುಗಿದರು. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕೆಂದು ಗುರುಸಿದ್ದಮ್ಮನಿಗೆ ಬಲವಾಗಿ ಅನ್ನಿಸಿತು. ಹೋಗಲಿಲ್ಲ. ಮುಖ ಬಿಸಿಯಾಗಿ ಕಿವಿಯವರೆಗೂ ಉರಿಯುತ್ತಿದ್ದರೂ, ಶ್ರೀರಂಗಯ್ಯ ಮತ್ತೆ ಸೈಕಲ್ ಹತ್ತಿ ತಿಪಟೂರು ಬಸ್ಸು ನಿಲ್ಲುವ ರಸ್ತೆಗೆ ಹೊರಳುವ ತನಕ ಕಂಬ ಹಿಡಿದು ಜಗಲಿಯ ಮೇಲೆಯೇ ನಿಂತಿದ್ದಳು.