ನಾಲ್ಕು ಬಾಗಿಲು, ಐದು ನಿಮಿಷ

ನಮ್ಮ ಮಾವ, ನನ್ನ ಗಂಡನ ಅಪ್ಪ ತೊಕುಜಿ, ಎಂಬತ್ತು ತುಂಬಿದ ವರ್ಷ ಡ್ರೈವಿಂಗ್ ಲೈಸೆನ್ಸನ್ನು ತಾವಾಗಿಯೇ ಪೊಲೀಸರಿಗೆ ಹಿಂತಿರುಗಿಸಿದರು. ಕಾರಿನ ಮೇಲಿನ ಅಧಿಕಾರವನ್ನು ಮಾತ್ರ ಹಿಂತಿರುಗಿಸಲಿಲ್ಲ. ಜಪಾನಿನ ಉತ್ತರ ತುದಿಯ ನಮ್ಮ ಹಿಮದೂರು ಹೊರೊಕನೈಯಲ್ಲಿ ಕಾರು ಇಟ್ಟವರಿಗೆಲ್ಲ ಚಳಿಗಾಲದ ಒಂದು ಮಡಿ ಇದ್ದೇ ಇರುತ್ತದೆ, ಮಾವನದು ಎಲ್ಲರಿಗಿಂತ ಒಂದು ಕೈ ಮೇಲು. ಬೂಟಿನ ಹಿಮ ಕೊಡವದೆ ಯಾರೂ ಕಾರು ಹತ್ತಕೂಡದು. ಕಾಲಡಿಯ ಹಳೇ ಪೇಪರನ್ನು ದಿನಾ ಬದಲಾಯಿಸಬೇಕು. ಸಂಜೆ ಇಂಜಿನ್ ಆರಿಸಿದ ಮೇಲೆ ನಾಲ್ಕೂ ಬಾಗಿಲು ತೆರೆದು ಐದು ನಿಮಿಷ ಬಿಡಬೇಕು. ಇಲ್ಲದಿದ್ದರೆ ಒಳಗಿನ ಬೆಚ್ಚನೆಯ ತೇವವೆಲ್ಲ ಗಾಜಿನ ಒಳಮೈಗೆ ಹತ್ತಿ ಬೆಳಗಾಗುವಷ್ಟರಲ್ಲಿ ಗಡ್ಡೆ ಕಟ್ಟುತ್ತದೆ.

ಈ ಬಾಗಿಲಿನ ಕೆಲಸವನ್ನು ಅವರೇ ಮಾಡುತ್ತಿದ್ದರು. ನವೆಂಬರಿನಲ್ಲಿ ಅಂಗಳದಲ್ಲಿ ಜಾರಿ ಬಿದ್ದ ಮೇಲೆ ನಾನೇ ತಡೆದೆ. "ನೋಡಿ ಮಾವ, ಅಲ್ಲಿ ಆಸ್ಪತ್ರೇಲಿ ನಮ್ಮಮ್ಮ ಮಲಗಿದಾಳೆ. ನೀವೂ ಸೊಂಟ ಮುರ್ಕೊಂಡ್ರೆ ಎರಡೆರಡು ಆಸ್ಪತ್ರೆ ಸುತ್ತೋಕೆ ನನ್ ಕೈಲಾಗಲ್ಲ. ಹೊಸಿಲು ದಾಟಿದ್ರೆ ಅನ್ನ ಹಾಕಲ್ಲ!" ನನ್ನ ಬಾಯಿ ಅಂಥದ್ದು. ಅವರು ಮಾತಿಗೆ ಬೆಲೆ ಕೊಟ್ಟು ಒಳಗೇ ಉಳಿದರು.

ಫೆಬ್ರವರಿಯ ಆ ಸಂಜೆ ಆಸ್ಪತ್ರೆಯಿಂದ ಬರುವಾಗ ನನ್ನ ಮೈಯೆಲ್ಲ ಹಣ್ಣಾಗಿತ್ತು. ಅಮ್ಮನ ಮೈಯನ್ನು ಬಿಸಿನೀರಿನಲ್ಲಿ ಒರೆಸಿ, ಆ ಒದ್ದೆ ಟವೆಲ್ಲುಗಳನ್ನು ಒಗೆಯಲೆಂದು ಚೀಲಕ್ಕೆ ತುರುಕಿ ಹಿಂದಿನ ಸೀಟಿಗೆ ಎಸೆದಿದ್ದೆ. ಕಾರು ನಿಲ್ಲಿಸುತ್ತಿದ್ದಂತೆ ಮಾವ ಮನೆ ಬಾಗಿಲಿನಿಂದಲೇ ಕೂಗಿದರು.

"ಫುಮಿ, ನಾಲ್ಕೂ ಬಾಗ್ಲು ತೆಗೆಯಮ್ಮಾ! ಕಾರು ಸ್ವಲ್ಪ ಉಸಿರು ಬಿಡ್ಲಿ."

"ಮೊದ್ಲು ನಾನು ಉಸಿರು ಬಿಡ್ತೀನಿ ಮಾವ, ಕಾರು ಆಮೇಲೆ ಬಿಡ್ಲಿ!"

"ಐದೇ ನಿಮಿಷ ಕಣೇ."

"ನಾಳೆ ಬೇಕಾದ್ರೆ ಹತ್ತು ನಿಮಿಷ ಬಿಡ್ತೀನಿ." ದಡಾರನೆ ಬಾಗಿಲು ಹಾಕಿ ಒಳಗೆ ಬಂದೆ. ಟವೆಲ್ಲಿನ ಚೀಲ ಕಾರಿನಲ್ಲೇ ಉಳಿಯಿತು.

ಬೆಳಿಗ್ಗೆ ಆರಕ್ಕೆ ನರ್ಸ್ ಫೋನ್ ಮಾಡಿದಳು. "ಅಮ್ಮ ನಿಮ್ಮನ್ನ ಕೇಳ್ತಿದಾರೆ. ಬೇಗ ಹೊರಟು ಬನ್ನಿ." ಗಂಡ ಕಾತ್ಸುಮಿ ರಸ್ತೆಯ ಹಿಮ ತಳ್ಳುವ ಗಾಡಿ ಹತ್ತಿ ಆಗಲೇ ಹೋಗಿದ್ದ. ಆಸ್ಪತ್ರೆಗೆ ನಲವತ್ತು ನಿಮಿಷದ ದಾರಿ. ಓಡಿಹೋಗಿ ಗಾಜಿನ ಮೇಲಿನ ಹಿಮ ಗುಡಿಸಿದೆ. ಗಾಜು ಬೆಳ್ಳಗೇ ಇತ್ತು. ಇನ್ನೊಮ್ಮೆ ಗುಡಿಸಿದೆ. ಆಮೇಲೆ ತಿಳಿಯಿತು, ಮಂಜುಗಡ್ಡೆ ಕಟ್ಟಿದ್ದು ಒಳಗೆ.

ಹೀಟರ್ ಹಾಕಿದರೆ ತಣ್ಣನೆಯ ಗಾಳಿ. ಹಿಮ ಕೆರೆಯುವ ಉದ್ದ ಹಿಡಿಯ ಪಟ್ಟಿಯನ್ನು ಒಳಗೆ ತಿರುಗಿಸಲು ಆಗಲಿಲ್ಲ. ಅಂಗಡಿಯವರು ಕೊಟ್ಟ ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆದೆ. ಕೆರೆದ ಜಾಗಕ್ಕೆ ನನ್ನ ಏದುಸಿರೇ ತಾಗಿ ಮತ್ತೆ ಬೆಳ್ಳಗಾಯಿತು. ಗಾಜಿಗೆ, ಚಳಿಗೆ, ನನ್ನ ಹಣೆಬರಹಕ್ಕೆ ಬಾಯಿಗೆ ಬಂದಂತೆ ಬೈದೆ. ಅಷ್ಟರಲ್ಲಿ ಆ ಕಡೆಯ ಬಾಗಿಲು ತೆರೆದು ಮಾವ ಒಳಗೆ ಕೂತರು. ಅವರ ಕೈಯಲ್ಲಿ ಲೈಸೆನ್ಸ್ ಹಿಂತಿರುಗಿಸಿದವರಿಗೆ ಪೊಲೀಸರು ಕೊಡುವ ಕಾರ್ಡಿತ್ತು. ಅದರಿಂದಲೇ ಕರಕರ ಕೆರೆಯತೊಡಗಿದರು.

"ಮಾವ, ನೀವ್ಯಾಕೆ ಹೊರಗ್ ಬಂದ್ರಿ?"

"ಮಾತಾಡ್ಬೇಡ. ಉಸಿರು ತಾಗುತ್ತೆ."

ಮುಂದಿನ ದಾರಿ ಕಾಣುವಷ್ಟು ಗಾಜು ತಿಳಿಯಾಗಲು ಇಪ್ಪತ್ತೈದು ನಿಮಿಷ ಹಿಡಿಯಿತು. ಮಾವ ಇಳಿದರು, ನಾನೊಬ್ಬಳೇ ಹೊರಟೆ.

ನಾನು ತಲುಪುವ ಹನ್ನೊಂದು ನಿಮಿಷ ಮೊದಲು ಅಮ್ಮ ಹೋಗಿದ್ದಳು. "ಫುಮಿ ಬಂದ್ಲಾ ಅಂತ ಎರಡು ಸಲ ಕೇಳಿದ್ರು," ಅಂದಳು ನರ್ಸ್. ಅಮ್ಮನ ಅಂಗೈ ಇನ್ನೂ ಬೆಚ್ಚಗಿತ್ತು. ಆಮೇಲೆ ನರ್ಸ್ ಅಮ್ಮನ ಬಟ್ಟೆಗಳನ್ನು ನನ್ನ ಕೈಗಿಟ್ಟು, "ಟವೆಲ್ಲು ನಿಮ್ಮತ್ರಾನೇ ಇದೆ ಅಲ್ವಾ?" ಎಂದು ಕೇಳಿದಳು. ಆಗ ಹಿಂದಿನ ಸೀಟಿನ ಚೀಲ ನೆನಪಾಯಿತು. ಗಾಜಿಗೆ ಹತ್ತಿದ್ದು ಅದರ ತೇವ. ಅಮ್ಮನ ಮೈ ಒರೆಸಿದ ನೀರನ್ನೇ ನಾನು ಬೈದು ಬೈದು ಕೆರೆದು ಕಾಲಡಿಗೆ ಬೀಳಿಸಿದ್ದೆ. ಗೋಡೆಗೆ ಒರಗಿ ಅತ್ತೆ. ಎಷ್ಟು ಅತ್ತರೂ ಆ ಐದು ನಿಮಿಷ ಮತ್ತೆ ನನ್ನ ಕೈಗೆ ಬರುವಂತಿರಲಿಲ್ಲ.

ಮಧ್ಯಾಹ್ನ ಮನೆಗೆ ಫೋನ್ ಮಾಡಿದಾಗ ಮಾವ ಕೇಳಿದ್ದು ಒಂದೇ ಮಾತು. "ಅಮ್ಮ ಸಿಕ್ಕಿದ್ರಾ?"

"ಸಿಕ್ಕಿದ್ಳು ಮಾವ. ಮಾತೂ ಆಡಿದ್ಳು," ಅಂದೆ. ನಾನು ಹೊಸಿಲಿನೊಳಗೆ ಕೂರಿಸಿದ ಮುದುಕ, ಅವರ ತಲೆಗೂ ಈ ಕೊರಗನ್ನು ಯಾಕೆ ಕಟ್ಟಲಿ?

ಸಂಜೆ ಅಂಗಳದಲ್ಲಿ ಕಾರು ನಿಲ್ಲಿಸಿ ನಾಲ್ಕೂ ಬಾಗಿಲು ತೆರೆದೆ. ಮೊದಲು ಚೀಲ ತೆಗೆದು ಎದೆಗೆ ಅವಚಿಕೊಂಡೆ. ಆಮೇಲೆ ಅಲ್ಲೇ ನಿಂತೆ. ಐದು ನಿಮಿಷವಾದರೂ ಬಾಗಿಲು ಹಾಕಲು ಕೈ ಬರಲಿಲ್ಲ. ಮಾವ ಕೋಲೂರಿಕೊಂಡು ಮೆಲ್ಲನೆ ಬಂದು ಪಕ್ಕದಲ್ಲಿ ನಿಂತರು. ನಾನು ಗದರಲಿಲ್ಲ. ಅವರು ತೆರೆದ ಬಾಗಿಲುಗಳನ್ನೂ ನನ್ನ ಮುಖವನ್ನೂ ನೋಡಿದರು.

"ಎಷ್ಟು ನಿಮಿಷಕ್ಕೆ ತಪ್ಪಿಹೋಯ್ತಮ್ಮಾ?"

"ಹನ್ನೊಂದು, ಮಾವ."

"ನೀನು ಬೈದ್ರೂ ನಾನು ಬಂದು ತೆಗೀಬೇಕಿತ್ತು," ಅಂದರು. ಆಮೇಲೆ ಒಂದೊಂದಾಗಿ ಬಾಗಿಲು ಹಾಕುತ್ತ ಕಾರನ್ನು ಸುತ್ತಿ ಬಂದರು.