ಆಕಾಶದ ಕಲ್ಲು ಒಡೆಯುವವರು

"ಕಣ್ಣು ಎತ್ಲಾಗಿಟ್ಟಿದೀಯೇ ಮುದಿ ಗೂಬೆ? ನೆಲಕ್ಕೆ ಬಿದ್ದಿದ್ರೆ ಹೇಳು, ಹೆಕ್ಕಿಕೊಡ್ತೀನಿ!"

ಮೇಸ್ತ್ರಿ ಕುರ್ಚಿಯ ಕಾಲಿಗೆ ಒದ್ದ ರಭಸಕ್ಕೆ ದೊಡ್ಡಕ್ಕನ ಎದೆ ಮೇಜಿನ ಅಂಚಿಗೆ ಬಡಿಯಿತು. ಅವಳ ಎದುರಿಗೆ ಎರಡು ಪರದೆ. ಎಡಗಡೆಯದರಲ್ಲಿ ಬಂಡೆ ಒಡೆದು ಆಗಲೇ ಅರೆಗಳಿಗೆಯಾಗಿತ್ತು. ಚೂರುಗಳು ಕಪ್ಪು ಆಕಾಶದಲ್ಲಿ ತೇಲಿಕೊಂಡು ದೂರ ಸರಿಯುತ್ತಿದ್ದವು. ಅವಳು ದಡಬಡಿಸಿ ನೌಕೆಯನ್ನು ತಿರುಗಿಸಿ ಒಂದೊಂದೇ ಚೂರನ್ನು ಅದರ ಹೊಟ್ಟೆಗೆ ತುಂಬಿದಳು.

"ಬಲಗಡೇದು ನೋಡ್ತಿದ್ದೆ ಮೇಸ್ತ್ರಿ."

"ಬಲಗಡೇದು ನೀನು ನೋಡಿದ್ರೆ ಎಡಗಡೇದು ನಿಮ್ಮಪ್ಪ ಬಂದು ನೋಡ್ತಾನಾ?"

ಮೊದಲು ಕೋಳಿ ಸಾಕುತ್ತಿದ್ದ ಶೆಡ್ಡು ಅದು. ಕೋಳಿ ಹೋಗಿ ಕಂಪ್ಯೂಟರು ಬಂದವು. ತಗಡಿನ ಮಾಡು, ನೆಲದ ವಾಸನೆ ಹಾಗೇ ಉಳಿದವು. ಹದಿನೆಂಟು ಕುರ್ಚಿ, ಮೂವತ್ತಾರು ಪರದೆ. ಫ್ಯಾನುಗಳಿಗೇನೂ ಬರವಿರಲಿಲ್ಲ, ಆದರೆ ಎಲ್ಲವೂ ಯಂತ್ರಗಳ ಬೆನ್ನಿಗೆ ಮುಖ ಮಾಡಿದ್ದವು. ಯಂತ್ರ ಬಿಸಿಯಾದರೆ ಕೆಟ್ಟುಹೋಗುತ್ತದೆ. ಮನುಷ್ಯ ಬಿಸಿಯಾದರೆ ಬೆವರುತ್ತಾನೆ, ಅಷ್ಟೇ.

ಅಲ್ಲಿ ನಡೆಯುತ್ತಿದ್ದುದು ಒಂದು ಆಟ. ಜಗತ್ತಿನ ಮೂಲೆಮೂಲೆಯ ಲಕ್ಷಾಂತರ ಜನ ತಮ್ಮ ತಮ್ಮ ಮನೆಯಲ್ಲಿ ಕೂತು, ಇಂಟರ್ನೆಟ್ಟಿನಲ್ಲಿ ಒಂದೇ ಆಕಾಶದೊಳಗೆ ಬಂದು ಸೇರುತ್ತಿದ್ದರು. ಒಬ್ಬ ಸೇನಾಪತಿಯಾದರೆ ಇನ್ನೊಬ್ಬ ವ್ಯಾಪಾರಿ, ಮತ್ತೊಬ್ಬ ದರೋಡೆಕೋರ. ನೌಕೆ ಕಟ್ಟಬೇಕು, ಗ್ರಹ ಗೆಲ್ಲಬೇಕು, ಯುದ್ಧ ಹೂಡಬೇಕು. ಎಲ್ಲಕ್ಕೂ ಲೋಹ ಬೇಕು. ಲೋಹ ಇರುವುದು ತೇಲುವ ಬಂಡೆಗಳೊಳಗೆ. ಬಂಡೆ ಒಡೆಯುವುದೋ ಹಾಳು ಬೇಸರದ ಕೆಲಸ. ಆಡಲು ಬಂದವನು ಬೇಸರ ಯಾಕೆ ಪಡುತ್ತಾನೆ? ಆ ಬೇಸರವನ್ನು ಶೆಡ್ಡಿನ ಯಜಮಾನ ಗುತ್ತಿಗೆ ಹಿಡಿದಿದ್ದ. ಇವರು ಒಡೆದ ಕಲ್ಲನ್ನು ದೂರದೇಶದ ಉಳ್ಳವರಿಗೆ ನಿಜವಾದ ದುಡ್ಡಿಗೆ ಮಾರುತ್ತಿದ್ದ.

ಯಂತ್ರಕ್ಕೇ ಒಡೆಯಲು ಬಿಟ್ಟರೆ ಆಟ ನಡೆಸುವ ಕಂಪನಿಯವರು ಹಿಡಿದು ಬಾಗಿಲು ಹಾಕುತ್ತಿದ್ದರು. ಅದಕ್ಕೇ ಆಗಾಗ ಪರದೆಯ ಮೇಲೆ ಒಂದು ಪ್ರಶ್ನೆ ಬಂದು ನಿಲ್ಲುತ್ತಿತ್ತು: ನೀವು ಮನುಷ್ಯರೇ? ಒಂಬತ್ತು ಚಿತ್ರಗಳಲ್ಲಿ ಕೇಳಿದ್ದನ್ನು ಮುಟ್ಟಿ ತೋರಿಸಬೇಕು. ದಿನಕ್ಕೆ ನಲವತ್ತು ಸಲ ದೊಡ್ಡಕ್ಕ ತಾನು ಮನುಷ್ಯಳೆಂದು ರುಜುವಾತು ಮಾಡುತ್ತಿದ್ದಳು. ಯಂತ್ರ ಒಪ್ಪಿಕೊಳ್ಳುತ್ತಿತ್ತು. ಮೇಸ್ತ್ರಿ ಮಾತ್ರ ಒಂದು ದಿನವೂ ಒಪ್ಪಿದವನಲ್ಲ.

ಈ ಮೇಸ್ತ್ರಿ ಅವಳಿಗೆ ಹೊಸಬನೇನಲ್ಲ. ಇಪ್ಪತ್ತು ವರ್ಷ ಕಲ್ಲುಕ್ವಾರಿಯಲ್ಲಿ ಅವಳ ಮತ್ತು ಅವಳ ಗಂಡನ ನೆತ್ತಿಯ ಮೇಲೆ ನಿಂತು ಕೂಗಿದವನೂ ಇವನೇ. ಗುಡ್ಡ ಮುಗಿದು ಕ್ವಾರಿ ಮುಚ್ಚಿದಾಗ ಗಂಡನ ಶ್ವಾಸಕೋಶದಲ್ಲಿ ಅರ್ಧ ಗುಡ್ಡ ಉಳಿದುಕೊಂಡಿತ್ತು. ಅವನು ಮಂಚ ಹಿಡಿದ. ಆಗ ಮೇಸ್ತ್ರಿಯೇ ಮನೆ ಬಾಗಿಲಿಗೆ ಬಂದು, "ಇಲ್ಲೂ ಕಲ್ಲೇ ಕಣೆ ದೊಡ್ಡಕ್ಕ. ಆದ್ರೆ ಧೂಳಿಲ್ಲ," ಅಂದಿದ್ದ.

ಮೊದಲ ದಿನ ಮನೆಗೆ ಹೋದಾಗ ಗಂಡ ಕೇಳಿದ್ದ, "ಆ ಕಲ್ಲು ಕೈಗೆ ಸಿಗುತ್ತೇನೆ?"

"ಇಲ್ಲ."

"ಮತ್ತೆ ಯಾರು ತಗೋತಾರೆ?"

"ಉಂಡು ಹೆಚ್ಚಾದೋರು."

ಅವನು ನಗಲು ಹೋಗಿ ಉಸಿರು ಸಿಕ್ಕಿಕೊಂಡು ಅರ್ಧ ತಾಸು ಒದ್ದಾಡಿದ್ದ. ಆಮೇಲೆ ಅವಳು ಮನೆಯಲ್ಲಿ ತಮಾಷೆಯ ಮಾತಾಡುವುದನ್ನೇ ಬಿಟ್ಟಳು.

ಅವರು ಒಡೆಯುತ್ತಿದ್ದ ಬಂಡೆಗಳು ತೇಲುವ ಸೀಮೆಗೆಲ್ಲ ಆ ಆಟದಲ್ಲಿ ಒಬ್ಬನೇ ಒಡೆಯ. ಅವನ ನಿಜವಾದ ಹೆಸರು, ಊರು, ವಯಸ್ಸು ಯಾರಿಗೂ ಗೊತ್ತಿಲ್ಲ. ಮೇಸ್ತ್ರಿ 'ಸಾಹೇಬ್ರು' ಅನ್ನುತ್ತಿದ್ದ. ಶೆಡ್ಡಿನವರು ತಮ್ಮೊಳಗೆ 'ದಣಿ' ಅನ್ನುತ್ತಿದ್ದರು. ಶೆಡ್ಡಿನ ಮುಕ್ಕಾಲು ಕಲ್ಲನ್ನು ಕೊಳ್ಳುತ್ತಿದ್ದವನೂ ಅವನೇ. ಬೇಜಾರಾದಾಗ ಬಂಗಾರದ ಬಣ್ಣದ ನೌಕೆ ಹತ್ತಿ, ಗೆಳೆಯರನ್ನು ಕಟ್ಟಿಕೊಂಡು ಬಂದು ಕಲ್ಲಿನವರನ್ನೇ ಬೇಟೆಯಾಡುತ್ತಿದ್ದ. ನೌಕೆ ಸಿಡಿದರೆ ಒಡೆದ ಕಲ್ಲೆಲ್ಲ ನೀರುಪಾಲು, ಅಷ್ಟು ಹೊತ್ತಿನ ಕೂಲಿಯೂ ಇಲ್ಲ. ದೂರುವುದು ಯಾರಿಗೆ? ಬೇಲಿಯದೇ ಹೊಲ, ಬೇಲಿಯದೇ ಬಾಯಿ.

ಒಂದು ಮಧ್ಯಾಹ್ನ ಅವನ ಕಣ್ಣು ಗುಬ್ಬಿಯ ನೌಕೆಯ ಮೇಲೆ ಬಿತ್ತು. ಗುಬ್ಬಿ ದೊಡ್ಡಕ್ಕನ ಪಕ್ಕದ ಕುರ್ಚಿಯವಳು. ಕಡ್ಡಿಯಂಥ ಹುಡುಗಿ, ಏಳು ತಿಂಗಳ ಬಸುರಿ, ಗಂಡ ಎಲ್ಲಿದ್ದಾನೆಂದು ಕೇಳಿದರೆ "ನಿಮಗೆ ಸಿಕ್ಕಿದ್ರೆ ನಂಗೂ ಹೇಳಿ" ಅನ್ನುವವಳು. ಬಂಗಾರದ ನೌಕೆ ಅವಳ ಮೂಗಿನ ನೇರಕ್ಕೆ ಬಂದು ನಿಂತಿತು. ಸ್ಪೀಕರಿನಲ್ಲಿ ದಣಿಯ ದನಿ, ಅವನ ಹಿಂದೆ ಗೆಳೆಯರ ಕಿಸಿಕಿಸಿ. ಅವರ ಭಾಷೆ ಮೇಸ್ತ್ರಿಗೆ ಅಷ್ಟಿಷ್ಟು ಬರುತ್ತಿತ್ತು. ಅವನು ಮೈಕಿದ್ದ ಹೆಡ್‌ಫೋನು ತಂದು ಗುಬ್ಬಿಯ ತಲೆಗೆ ಸಿಕ್ಕಿಸಿದ.

"ಸಾಹೇಬ್ರು ಖುಷೀಲಿದಾರೆ. ನಾಯಿ ಥರ ಬೊಗಳಿದ್ರೆ ಬಿಟ್ಟುಬಿಡ್ತಾರಂತೆ. ಬೊಗಳು."

"ಏನು?"

"ಕಿವಿಗೇನಾಗಿದೆ? ಬೊಗಳೇ ಮುಂಡೇದೆ! ಹೊಟ್ಟೆ ತುಂಬ ಕಲ್ಲಿದೆ ನೌಕೇಲಿ."

ಗುಬ್ಬಿ ದೊಡ್ಡಕ್ಕನ ಮುಖ ನೋಡಿದಳು. ದೊಡ್ಡಕ್ಕ ಪರದೆ ನೋಡಿದಳು. ಗುಬ್ಬಿ ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, ಮಗುವಿಗೆ ಕೇಳಬಾರದು ಎಂಬಂತೆ ಮೆಲ್ಲಗೆ, "ಬೌ," ಅಂದಳು.

"ಜೋರಾಗಿ!"

"ಬೌ! ಬೌ!"

ಸ್ಪೀಕರು ಒಡೆದುಹೋಗುವಂಥ ನಗು. ಬಂಗಾರದ ನೌಕೆ ಪಕ್ಕಕ್ಕೆ ಸರಿದು ದಾರಿ ಕೊಟ್ಟಿತು.

ಅಂದಿನಿಂದ ಅದೇ ಪದ್ಧತಿಯಾಯಿತು. ದಣಿ ಅದನ್ನು ತನ್ನ ಸಾವಿರಾರು ನೋಡುಗರಿಗೆ ನೇರವಾಗಿ ತೋರಿಸತೊಡಗಿದ. ನೋಡುಗರು ಹೆಚ್ಚಿದರು, ಕಲ್ಲಿನ ಗಿರಾಕಿಗಳೂ ಹೆಚ್ಚಿದರು. ಉಳಿ ಬಿಟ್ಟು ಇಲ್ಲಿಗೆ ಬಂದಿದ್ದ ಕೊನೆಯ ಸಾಲಿನ ಬಡಗಿ ಎಂಥ ಚೆನ್ನಾಗಿ ಬೊಗಳಲು ಕಲಿತನೆಂದರೆ ಹೊರಗಿನ ಬೀದಿನಾಯಿಗಳು ಉತ್ತರ ಕೊಡುತ್ತಿದ್ದವು. "ನೆಂಟಸ್ತನ ಬೆಳೀತು," ಅಂದು ಅವನೇ ನಗುತ್ತಿದ್ದ. ನಗು ಮುಗಿದ ಮೇಲೆ ಬಹಳ ಹೊತ್ತು ಯಾರ ಕಣ್ಣನ್ನೂ ನೋಡುತ್ತಿರಲಿಲ್ಲ.

ತಿಂಗಳಾದ ಮೇಲೆ ದೊಡ್ಡಕ್ಕನ ಸರದಿ ಬಂತು. ಮೇಸ್ತ್ರಿ ಹೆಡ್‌ಫೋನು ಸಿಕ್ಕಿಸಿದ. ಅವಳು ಬಾಯಿ ತೆರೆಯಲಿಲ್ಲ. ದಣಿ ಮೂರೆಣಿಸಿ ಸಿಡಿಸಿದ. ಆಟದಲ್ಲಿ ಸಾವಿಲ್ಲ, ಸಿಡಿದವರಿಗೆ ನೌಕೆಗಳ ಠಾಣೆಯಲ್ಲಿ ಒಂದು ತಗಡಿನ ಪುಟ್ಟ ನೌಕೆಯನ್ನು ಪುಕ್ಕಟೆ ಕೊಡುತ್ತಾರೆ. ಅವಳು ಅದನ್ನೇ ಹತ್ತಿಕೊಂಡು ವಾಪಸು ಬಂದು ಬಂಗಾರದ ನೌಕೆಯ ಎದುರಿಗೆ ನಿಂತಳು. ಮತ್ತೆ ಸಿಡಿಸಿದ. ಮತ್ತೆ ಬಂದಳು. ಐದನೆಯ ಸಲಕ್ಕೆ ಸ್ಪೀಕರಿನಲ್ಲಿ ನಗು ನಿಂತಿತು. ಒಂಬತ್ತನೆಯ ಸಲಕ್ಕೆ ದಣಿ ಏನೋ ಕೆಟ್ಟದಾಗಿ ಕಿರುಚಿ ಹೊರಟುಹೋದ.

ಅದು ಹಟವೋ ಸೊಕ್ಕೋ ಅವಳಿಗೇ ತಿಳಿಯದು. ಸಂಜೆ ಇದೇ ಬಾಯಿ ಹೊತ್ತುಕೊಂಡು ಮನೆಗೆ ಹೋಗಿ ಗಂಡನಿಗೆ ಮಾತ್ರೆ ತಗೋ ಅನ್ನಬೇಕಲ್ಲ ಅನ್ನಿಸಿತ್ತು. ಅಷ್ಟೇ.

ಮರುದಿನ ಯಜಮಾನನೇ ಬಂದ. ಶೆಡ್ಡಿನೊಳಗೆ ಅವನು ಕಾಲಿಟ್ಟದ್ದು ಅದೇ ಎರಡನೆಯ ಸಲವೋ ಏನೋ. ಗರಿಗರಿ ಬಿಳಿ ಅಂಗಿ, ಮೂಗಿಗೆ ಕರವಸ್ತ್ರ. ದೊಡ್ಡಕ್ಕನ ಪಕ್ಕ ಕುರ್ಚಿ ಎಳೆಸಿಕೊಂಡು ಕೂತು, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತು ಶುರು ಮಾಡಿದ.

"ಏನಮ್ಮಾ, ನಿಂಗೆ ಇಲ್ಲಿ ಏನು ಕಮ್ಮಿ ಮಾಡಿದೀವಿ? ನೆರಳಿದೆ, ಕುರ್ಚಿ ಇದೆ. ಗಂಡನ ಔಷಧಿ ನಡೀತಿದೆ. ಒಂದು ಸಲ ಬೌ ಅಂದ್ರೆ ನಿನ್ನ ಗಂಟೇನು ಹೋಗುತ್ತೆ? ಎಷ್ಟಂದ್ರೂ ಆಟ ತಾನೆ? ನಾಯಿ ಬೊಗಳಿದ್ರೆ ದೇವಲೋಕ ಹಾಳಾಗುತ್ತಾ?"

ದೊಡ್ಡಕ್ಕ ಅವನ ಕಡೆ ತಿರುಗಿದಳು. "ಹಾಳಾಗಲ್ಲ ಅಂದ್ರೆ ನೀವೇ ಒಂದು ಸಲ ಬೊಗಳಿಬಿಡಿ ಯಜಮಾನ್ರೇ."

"ಏಯ್!" ಮೇಸ್ತ್ರಿ ಕೈಯೆತ್ತಿದ.

ಅಷ್ಟರಲ್ಲಿ ಸ್ಪೀಕರು ಕರಕರ ಅಂದಿತು. ದಣಿ ಬಂದಿದ್ದ, ಇಂದು ಇಡೀ ದಂಡು ಕಟ್ಟಿಕೊಂಡು. ಮೇಸ್ತ್ರಿ ಎತ್ತಿದ ಕೈಯಲ್ಲೇ ಹೆಡ್‌ಫೋನು ಎಳೆದು ದೊಡ್ಡಕ್ಕನ ತಲೆಗೆ ಸಿಕ್ಕಿಸಿದ. ಅವನ ಮಾತು ಕೇಳುತ್ತ ಕೇಳುತ್ತ ಯಜಮಾನನ ಮುಖ ಬಣ್ಣಗೆಟ್ಟಿತು. ಅವನಿಗೆ ಆ ಭಾಷೆ ಚೆನ್ನಾಗಿ ಬರುತ್ತಿತ್ತು. ಅವನು ಅವಳ ಮೈಕಿಗೆ ಬಗ್ಗಿ ಏನೇನೋ ಸಮಜಾಯಿಷಿ ಹೇಳಿದ, ಹಲ್ಲು ಗಿಂಜಿದ, ಎದುರಿಗಿಲ್ಲದವನಿಗೆ ತಲೆ ಬಾಗಿಸಿದ. ದಣಿ ಇನ್ನೊಂದು ಮಾತು ಹೇಳಿದ.

"ಏನಂತೆ ಮೇಸ್ತ್ರಿ?" ಬಡಗಿ ಪಿಸುಗುಟ್ಟಿದ.

"ಇವಳು ಬೊಗಳದಿದ್ರೆ ಯಜಮಾನ್ರೇ ಈಗಲೇ ಬೊಗಳಬೇಕಂತೆ. ಇಲ್ಲಾಂದ್ರೆ ನಾಳೆಯಿಂದ ಕಲ್ಲು ಬೇರೆ ಕಡೆ ತಗೋತಾರಂತೆ."

ಯಜಮಾನ ದೊಡ್ಡಕ್ಕನ ತಲೆಯಿಂದ ಹೆಡ್‌ಫೋನು ಕಿತ್ತುಕೊಂಡ. ಗೋಡೆಯ ಕಡೆ ತಿರುಗಿದ. ಬಿಳಿ ಅಂಗಿಯ ಬೆನ್ನು ಒಮ್ಮೆ ಉಬ್ಬಿ ಇಳಿಯಿತು.

"ಬೌ," ಅಂದ ಯಜಮಾನ.

ದಣಿಗೆ ಸಾಕಾಗಲಿಲ್ಲ. "ಬೌ. ಬೌ. ಬೌ ಬೌ ಬೌ." ಕೊನೆಗೆ ಕುನ್ನಿ ಅತ್ತಂತೆ ಒಂದು ಊಳು.

ಗುಬ್ಬಿಯ ಮೂಗಿನಿಂದ ಪುಸ್ ಎಂದು ಒಂದು ಸದ್ದು ಹೊರಟಿತು. ಅವಳು ಸೆರಗು ಬಾಯಿಗೆ ತುರುಕಿಕೊಂಡಳು. ಆಗಲಿಲ್ಲ. ನಗು ಕಟ್ಟೆಯೊಡೆಯಿತು. ಬಡಗಿ ನಕ್ಕ. ಹಿಂದಿನ ಸಾಲು ನಕ್ಕಿತು. ನಕ್ಕು ನಕ್ಕು ದೊಡ್ಡಕ್ಕನ ಕಣ್ಣಲ್ಲಿ ನೀರು ಬಂತು.

ಯಜಮಾನ ತಿರುಗಿದಾಗ ಅವನ ಮುಖ ಸುಟ್ಟ ಇಟ್ಟಿಗೆಯಾಗಿತ್ತು. "ನಗ್ತೀರಾ? ಸೂಳೆಮಕ್ಕಳಾ, ನನ್ನ ನೋಡಿ ನಗ್ತೀರಾ? ಬೊಗಳಿ! ಹದಿನೆಂಟು ಜನಾನೂ ಬೊಗಳಿ! ಬೊಗಳದೇ ಇದ್ದೋರು ಈಗಲೇ ಎದ್ದುಹೋಗಿ!"

ಗುಬ್ಬಿ ಎದ್ದಳು. ಹೊರಗೆ ಹೋಗಲಿಕ್ಕಲ್ಲ. ಹೊಟ್ಟೆಯನ್ನು ಮುಂದಿಟ್ಟುಕೊಂಡು ಯಜಮಾನನ ಎದುರಿಗೆ ಬಂದು ನಿಂತು, ಅವನ ಮುಖಕ್ಕೇ, "ಬೌ!" ಅಂದಳು.

ಬಡಗಿ ಎದ್ದ. "ಬೌ!" ಒಂದೊಂದಾಗಿ ಕುರ್ಚಿಗಳು ಹಿಂದಕ್ಕೆ ಸರಿದವು. ತಿಂಗಳಿನಿಂದ ಹೆದರಿ ಬೊಗಳಿದ್ದ ಗಂಟಲುಗಳು ಈಗ ಹಲ್ಲು ಕಿಸಿದು ಬೊಗಳಿದವು. ಗುರುತಿಲ್ಲದವನು ಅಂಗಳಕ್ಕೆ ಕಾಲಿಟ್ಟರೆ ನಾಯಿ ಬೊಗಳುವ ಹಾಗೆ, ಕಳ್ಳನನ್ನು ಕಂಡರೆ ಬೊಗಳುವ ಹಾಗೆ. ಯಜಮಾನ ಒಂದು ಹೆಜ್ಜೆ ಹಿಂದೆ ಹೋದ, ಇನ್ನೊಂದು ಹೆಜ್ಜೆ. ಎಲ್ಲರಿಗಿಂತ ಕೊನೆಗೆ ದೊಡ್ಡಕ್ಕನ ಬಾಯಿ ತೆರೆಯಿತು. ಅದರೊಳಗಿಂದ ಬಂದ ದನಿ ಅವಳಿಗೇ ಗುರುತಾಗಲಿಲ್ಲ. ಯಜಮಾನ ಬಾಗಿಲು ತಡವಿಕೊಂಡು ಹೊರಬಿದ್ದು ಕಾರು ಹತ್ತಿದ.

ಸದ್ದಡಗಿದ ಮೇಲೆ ಸ್ಪೀಕರಿನಿಂದ ಬೇರೊಂದು ಸದ್ದು ಕೇಳಿತು. ಯಜಮಾನ ಬಿಟ್ಟುಹೋದ ಹೆಡ್‌ಫೋನಿನ ಮೈಕು ಮೇಜಿನ ಮೇಲೆ ತೆರೆದೇ ಇತ್ತು. ದಣಿಯ ದಂಡು ಚಪ್ಪಾಳೆ ತಟ್ಟುತ್ತಿತ್ತು.

ಮೂರನೆಯ ದಿನ ಶೆಡ್ಡಿಗೆ ಲಾರಿ ಬಂತು. ಯಂತ್ರ, ಪರದೆ, ಫ್ಯಾನು, ಕುರ್ಚಿ, ಎಲ್ಲ ಹೋದವು. ಬೇರೆ ಊರಂತೆ, ಬೇರೆ ಜನವಂತೆ. ಮೇಸ್ತ್ರಿಯನ್ನೂ ಕರೆದುಕೊಂಡು ಹೋಗಲಿಲ್ಲ. ಅವನು ಖಾಲಿ ಶೆಡ್ಡಿನ ಮೆಟ್ಟಿಲ ಮೇಲೆ ಕೂತು, "ನಿಮ್ಮ ಬಾಯಿಗೆ ನನ್ನ ತುತ್ತೂ ಹೋಯ್ತಲ್ಲೇ," ಅಂದ. ಬೈಗುಳ ಸೇರಿಸುವಷ್ಟು ತ್ರಾಣವೂ ಅವನಲ್ಲಿರಲಿಲ್ಲ. ಗುಬ್ಬಿ ತವರಿಗೆ ಹೋದಳು. ಅವಳ ಸುದ್ದಿ ಮತ್ತೆ ಬರಲಿಲ್ಲ. ಔಷಧಿಯಂಗಡಿಯವನು ದೊಡ್ಡಕ್ಕನನ್ನು ಕಂಡರೆ ಒಳಗೆ ಹೋಗಿಬಿಡತೊಡಗಿದ.

ಐದು ತಿಂಗಳ ಮೇಲೆ, ಊರಿನ ಇನ್ನೊಂದು ತುದಿಯಲ್ಲಿ ಮೋಟಾರು ರಿಪೇರಿ ಅಂಗಡಿಯ ಮೇಲಿನ ಹಜಾರದಲ್ಲಿ ಅವಳಿಗೆ ಮತ್ತೆ ಅದೇ ಕೆಲಸ ಸಿಕ್ಕಿತು. ಬೆರಳುಗಳಿಗೆ ಬೇರೆ ವಿದ್ಯೆ ಬರುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಮನೆಯ ಮಂಚ ಖಾಲಿಯಾಗಿ ಮೂರು ವಾರ ಕಳೆದಿತ್ತು. ಇಲ್ಲಿ ಎಲ್ಲರ ತಲೆಗೂ ಬೆಳಿಗ್ಗೆಯೇ ಮೈಕು ಕಟ್ಟುತ್ತಿದ್ದರು. ಬೊಗಳುವುದು ಕೆಲಸದ ಕರಾರಿನಲ್ಲೇ ಸೇರಿತ್ತು.

ನಾಲ್ಕನೆಯ ದಿನ ಹಗಲಿನ ಪಾಳಿಯಲ್ಲಿ ದಣಿಯ ದಂಡು ಕಾಣಿಸಿತು. ನೌಕೆಗಳಿಗಿಂತ ಮುಂಚೆ ಅವುಗಳ ತುತ್ತೂರಿ ಕೇಳಿತು. ತುತ್ತೂರಿಯಲ್ಲ, ಬೊಗಳು. ಹದಿನೆಂಟು ಗಂಟಲು ಒಟ್ಟಿಗೆ. ತೆಳ್ಳಗಿನದು ಗುಬ್ಬಿಯದು. ಗೊಗ್ಗರು ಬಡಗಿಯದು. ಎಲ್ಲದರ ಮೇಲೆ ಒಂದು ಸೀಳು ದನಿ. ಯಾರಪ್ಪಾ ಇದು ಅಂದುಕೊಂಡವಳಿಗೆ ಎರಡನೆಯ ಸಲ ಕೇಳಿದಾಗ ತನ್ನದೇ ಎಂದು ಗುರುತಾಯಿತು. ಅಂದು ತೆರೆದಿದ್ದ ಮೈಕಿನಿಂದ ದಣಿ ಅದನ್ನು ಹಿಡಿದಿಟ್ಟುಕೊಂಡು ತನ್ನ ಮೆರವಣಿಗೆಯ ಮುಂದೆ ಕಟ್ಟಿಕೊಂಡಿದ್ದ.

ಪಕ್ಕದ ಕುರ್ಚಿಯ ಹೆಂಗಸು ಕೇಳಿದಳು, "ಯಾರಕ್ಕ ಅವರು? ಹಂಗೆ ಬೊಗಳ್ತಾರಲ್ಲ, ಮಾನ ಮರ್ಯಾದೆ ಇಲ್ದೋರು."

"ನಾವು," ಅಂದಳು ದೊಡ್ಡಕ್ಕ. "ಅದು ಬೊಗಳೋದಲ್ಲ ಕಣೆ. ಬೈಯೋದು."

ಬಂಗಾರದ ನೌಕೆ ಅವಳ ಎದುರಿಗೇ ಬಂದು ನಿಂತಿತು. ದಣಿ ಅವಳನ್ನು ಗುರುತಿಸಿರಲಿಲ್ಲ. ಅವನಿಗೆ ಎಲ್ಲ ಕಲ್ಲಿನವರೂ ಒಂದೇ. ಕಿವಿಯಲ್ಲಿ ಅವನ ಅಪ್ಪಣೆ ಬಂತು. ಈಗ ಅದಕ್ಕೆ ಅರ್ಥ ಹೇಳುವವರು ಬೇಕಿರಲಿಲ್ಲ.

ಅವಳು ಮೈಕನ್ನು ತುಟಿಯ ಹತ್ತಿರ ಎಳೆದುಕೊಂಡಳು. ಅವಸರ ಮಾಡಲಿಲ್ಲ.

"ನಿನ್ನ ಮನೆ ಹಾಳಾಗ. ನಿನ್ನ ಬಾಯಿಗೆ ಮಣ್ಣು ಬೀಳ. ನನ್ನ ಗಂಡ ಉಸಿರಿಗೆ ಒದ್ದಾಡಿದ ಹಾಗೆ ನೀನು ಒದ್ದಾಡಿ ಸಾಯ, ನಿನ್ನ ಹೆಣ ಹೊರೋಕೆ ನಾಲ್ಕು ಜನ ಸಿಗದಂಗಾಗ, ಬೋಳಿಮಗನೆ."

ದಣಿ ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ, ಅವನ ದಂಡೂ ನಕ್ಕಿತು. ಅವಳ ಭಾಷೆಯ ಒಂದಕ್ಷರವೂ ಬಾರದ ಅವನಿಗೆ ಈ ಹೊಸ ನಾಯಿಯ ಕೂಗು ಬಹಳ ಹಿಡಿಸಿತ್ತು. ಇನ್ನೊಂದು ಸಲ ಬೊಗಳು ಅಂದ.

ಪಕ್ಕದ ಹೆಂಗಸಿನ ಕೈ ಕೀಲಿಮಣೆಯ ಮೇಲೇ ನಿಂತುಹೋಗಿತ್ತು. ಹಜಾರದ ಆ ತುದಿಯಿಂದ ಹೊಸ ಮೇಸ್ತ್ರಿ ಕುರ್ಚಿಗಳನ್ನು ತಳ್ಳಿಕೊಂಡು ಓಡಿಬರುತ್ತಿದ್ದ.

ದೊಡ್ಡಕ್ಕ ಇನ್ನೊಂದು ಸಲ ಅಂದಳು, ಈ ಸಲ ಅವನ ಏಳು ತಲೆಮಾರು ಸೇರಿಸಿ.